ಇದ್ದದ್ದು ಇದ್ದ ಹಾಗೆ

ಹಳೆಯ ದೋಣಿ ನೋಡಲು ಹೋದವನು ಮಾತಿಗಿಂತ ಮೊದಲು ಎಂಜಿನ್ ಮೇಲೆ ಕೈ ಇಡಬೇಕಂತೆ. ಬೆಚ್ಚಗಿದ್ದರೆ, ಮಾರುವವನು ನೀವು ಬರುವುದಕ್ಕೆ ಮೊದಲೇ ಅದನ್ನು ಒಮ್ಮೆ ಓಡಿಸಿಟ್ಟಿದ್ದಾನೆ ಎಂದರ್ಥ. ತಣ್ಣಗಿನ ಎಂಜಿನ್ ಹೇಗೆ ಎದ್ದೇಳುತ್ತದೆ, ಎಷ್ಟು ಕೆಮ್ಮುತ್ತದೆ, ಯಾವ ಬಣ್ಣದ ಹೊಗೆ ಬಿಡುತ್ತದೆ ಎನ್ನುವುದು ನಿಮ್ಮ ಕಣ್ಣಿಗೆ ಬೀಳದಿರಲಿ ಅಂತ. ಇದನ್ನು ನನಗೆ ಹೇಳಿಕೊಟ್ಟವನು ಮಿನಿಯಾಪೊಲಿಸ್‌ನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯ. ಸರೋವರದ ದಡದಲ್ಲೇ ಹುಟ್ಟಿ ಬೆಳೆದವನು, ಇಂಥ ನಾಲ್ಕು ದೋಣಿ ಕೊಂಡು ಮೂರನ್ನು ಮಾರಿದವನು.

ಆಕೆಯ ದೋಣಿ ತಣ್ಣಗಿತ್ತು. ಒಂದೂವರೆ ವರ್ಷದಿಂದ ತಣ್ಣಗಿತ್ತು.

ಎಂಜಿನ್ ಮೇಲೆ ಕೈ ಇಟ್ಟ ಗೆಳೆಯ ನನ್ನತ್ತ ನೋಡಿ ತಲೆಯಾಡಿಸಿದ. ಆಕೆ ಕಾಫಿ ಲೋಟ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಎಪ್ಪತ್ತರ ಆಸುಪಾಸಿನವರು. ಗಂಡ ಹಿಂದಿನ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. “ಇದೆಲ್ಲ ಅವರೇ ನೋಡಿಕೊಳ್ತಿದ್ದದ್ದು. ನನಗೆ ಏನೂ ಗೊತ್ತಿಲ್ಲ. ನಿಮಗೆ ಏನು ಬೇಕೋ ಬಿಚ್ಚಿ ನೋಡಿ” ಎಂದರು. ಮಾರುವವರ ಬಾಯಲ್ಲಿ ಇಂಥ ಮಾತು ಕೇಳುವುದು ಅಪರೂಪ ಎಂದು ಗೆಳೆಯ ಆಮೇಲೆ ಹೇಳಿದ. ಅಂದು ನಮಗೆ ಸಿಕ್ಕ ಕಷ್ಟವೆಲ್ಲ ಆ ಮಾತಿನಿಂದಲೇ ಹುಟ್ಟಿದ್ದು.

ದೋಣಿ ಬೇಕಾಗಿದ್ದದ್ದು ನನ್ನ ಮಗಳಿಗೆ. ಈಜು ಕೂಡ ನೆಟ್ಟಗೆ ಬಾರದ ನಾನು ಸ್ಕೀ ಬೋಟಿನ ಕನಸು ಕಂಡವನಲ್ಲ. ಆದರೆ ನಂಬರ್ ಪ್ಲೇಟಿನ ಮೇಲೇ ಹತ್ತು ಸಾವಿರ ಸರೋವರಗಳು ಎಂದು ಬರೆದುಕೊಳ್ಳುವ ಮಿನೆಸೋಟದಲ್ಲಿ ಮಕ್ಕಳನ್ನು ಬೆಳೆಸಿದರೆ ನೀರು ಎಂದಾದರೂ ಮನೆಯೊಳಗೆ ಬಂದೇ ಬರುತ್ತದೆ. ನೀರಿನ ಮೇಲೆ ಸ್ಕೀ ಮಾಡುವ ಆಟ ಹುಟ್ಟಿದ್ದೂ ಇಲ್ಲಿಯೇ. 1922ರ ಬೇಸಿಗೆಯಲ್ಲಿ ಲೇಕ್ ಸಿಟಿ ಎಂಬ ಊರಿನ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ ಹದಿಹರೆಯದ ಹುಡುಗ ಎರಡು ಪೈನ್ ಹಲಗೆಗಳ ತುದಿಯನ್ನು ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ ಮೇಲಕ್ಕೆ ಬಾಗಿಸಿ, ಅವುಗಳ ಮೇಲೆ ನಿಂತು, ದೋಣಿಯ ಹಿಂದೆ ಹಗ್ಗ ಹಿಡಿದು ಪೆಪಿನ್ ಸರೋವರದ ಮೇಲೆ ಜಾರಿದ. ಬಹಳ ಸಲ ಬಿದ್ದ ಮೇಲೆ ಜಾರಿದ. ನನ್ನ ಮಗಳೂ ಪಕ್ಕದ ಮನೆಯವರ ದೋಣಿಯ ಹಿಂದೆ ಎರಡು ಬೇಸಿಗೆ ಬಿದ್ದು ಎದ್ದು, ಮೂರನೆಯ ಬೇಸಿಗೆಗೆ ಒಂದೇ ಹಲಗೆಯ ಮೇಲೆ ನಿಲ್ಲುವುದನ್ನು ಕಲಿತಿದ್ದಳು. ಆ ಪಕ್ಕದ ಮನೆಯವರು ಊರು ಬಿಟ್ಟು ಹೋದರು. ಹಾಗಾಗಿ ಏಪ್ರಿಲ್ ಕೊನೆಯ ಒಂದು ಭಾನುವಾರ, ಸರೋವರಗಳ ಮಂಜುಗಡ್ಡೆ ಆಗಷ್ಟೇ ಕರಗಿದ್ದಾಗ, ಎರಡು ಗಂಟೆ ಕಾರು ಓಡಿಸಿ ನಾವಿಬ್ಬರು ಆ ಕೊಟ್ಟಿಗೆಯೊಳಗೆ ನಿಂತಿದ್ದೆವು.

ಸ್ಕೀ ಬೋಟ್ ಎಂದರೆ ಬರೀ ಮೋಟಾರ್ ದೋಣಿಯಲ್ಲ. ಅದರ ಎಂಜಿನ್ ಹಿಂಬದಿಗೆ ನೇತುಬಿದ್ದಿರುವುದಿಲ್ಲ. ದೋಣಿಯ ನಟ್ಟನಡುವೆ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಹಳೆಯ ಅಮೆರಿಕನ್ ಕಾರುಗಳಲ್ಲಿದ್ದ ಎಂಟು ಸಿಲಿಂಡರಿನ ಎಂಜಿನ್ನನ್ನೇ ನೀರಿಗೆ ಹೊಂದಿಸಿ ಕೂರಿಸಿದ್ದು. ಅಲ್ಲಿಂದ ಒಂದು ಕಂಬಿ ತಳವನ್ನು ಹಾದು ಕೆಳಗಿಳಿದು ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಭಾರ ನಡುವೆ ಇರುವುದರಿಂದ ದೋಣಿಯ ಹಿಂದೆ ಏಳುವ ಅಲೆ ತಗ್ಗಾಗಿ ಮೆದುವಾಗಿ ಇರುತ್ತದೆ. ಗಂಟೆಗೆ ಐವತ್ತೈದು ಕಿಲೋಮೀಟರ್ ವೇಗದಲ್ಲಿ ಆ ಅಲೆಯನ್ನು ಅಡ್ಡ ದಾಟುವ ಮಗುವಿನ ಮೊಣಕಾಲಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಅಷ್ಟು ಭಾರದ ಎಂಜಿನ್ ಕೂತಿರುವುದು ಯಾವುದರ ಮೇಲೆ? ದೋಣಿಯ ತಳದುದ್ದಕ್ಕೂ ಮಲಗಿರುವ ತೊಲೆಗಳ ಮೇಲೆ. ಇಲ್ಲಿಯವರು ಸ್ಟ್ರಿಂಗರ್ ಎನ್ನುತ್ತಾರೆ. 1980ರ ದಶಕದವರೆಗೂ, ಕೆಲವು ಕಡೆ ಅದರಾಚೆಗೂ, ಈ ತೊಲೆಗಳನ್ನು ಮರದಿಂದ ಮಾಡಿ ಮೇಲೆ ಫೈಬರ್‌ಗ್ಲಾಸ್ ಹೊದಿಸುತ್ತಿದ್ದರು. ಹೊದಿಕೆ ಗಟ್ಟಿಯಾಗಿರುವವರೆಗೆ ಮರವೂ ಗಟ್ಟಿ. ಆದರೆ ಪ್ರತಿಯೊಂದು ಬೋಲ್ಟು, ಪ್ರತಿಯೊಂದು ಸ್ಕ್ರೂ ಆ ಹೊದಿಕೆಯಲ್ಲಿ ಒಂದು ತೂತು. ತೂತಿನಿಂದ ನೀರು ಒಳಗಿಳಿದರೆ ಹೊರಗೆ ಬರುವ ದಾರಿಯಿಲ್ಲ. ಹೊರಗಿನಿಂದ ನೋಡಿದರೆ ಫಳಫಳ, ಒಳಗೆ ಮರ ನೆನೆದ ರೊಟ್ಟಿಯಂತೆ ಕೊಳೆಯುತ್ತಿರುತ್ತದೆ.

ಆಕೆಯ ದೋಣಿ 1991ರದ್ದು. ಕಂಪನಿಯ ಹೆಸರು ಇಲ್ಲಿ ಬೇಡ.

ಪರೀಕ್ಷೆ ಮೂರು ಗಂಟೆ ಹಿಡಿಯಿತು. ಅದರಲ್ಲಿ ಎರಡೂವರೆ ಗಂಟೆ ಸಂತೋಷದ್ದೇ. ಸ್ಟೀರಿಂಗಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಅದರೊಳಗೆ ಹಿತ್ತಾಳೆಯ ಬಿರಡೆಗಳು, ಒಂದು ಚೀಟಿ. ಈ ನಾಡಿನ ಚಳಿಗಾಲದಲ್ಲಿ ಎಂಜಿನ್ನಿನೊಳಗೆ ನೀರು ಉಳಿದರೆ ಅದು ಹೆಪ್ಪುಗಟ್ಟಿ ಹಿಗ್ಗಿ ಎರಕದ ಕಬ್ಬಿಣವನ್ನೇ ಸೀಳುತ್ತದೆ. ಅದಕ್ಕೆ ಶರತ್ಕಾಲದಲ್ಲಿ ಎಲ್ಲ ಬಿರಡೆ ಬಿಚ್ಚಿ ನೀರು ಬಸಿದು, ಅವನ್ನು ಮರೆಯದಿರಲೆಂದು ಸ್ಟೀರಿಂಗಿಗೇ ಕಟ್ಟಿಡುವುದು ತಿಳಿದವರ ಪದ್ಧತಿ. ಚೀಟಿಯಲ್ಲಿ ಆಕೆಯ ಗಂಡ ಯಾವ ಬಿರಡೆ ಎಲ್ಲಿಗೆ ಎಂದು ಬರೆದು, ಕೊನೆಯಲ್ಲಿ “ಎಲ್ಲ ಹಾಕಿದ ಮೇಲೆಯೇ ಚಾವಿ” ಎಂದು ಅಡಿಗೆರೆ ಎಳೆದಿದ್ದರು. ಮುಂದಿನ ವಸಂತದ ತನಗೇ ಬರೆದುಕೊಂಡದ್ದು. ಬರೆದ ಎರಡು ಮೂರು ತಿಂಗಳಿಗೆ ತೀರಿಕೊಂಡಿದ್ದರು.

ಗೆಳೆಯ ಆ ಚೀಟಿಯ ಪ್ರಕಾರವೇ ಬಿರಡೆಗಳನ್ನು ಹಾಕಿದ. ತಾನು ತಂದಿದ್ದ ಬ್ಯಾಟರಿ ಜೋಡಿಸಿ, ತೋಟದ ಪೈಪಿನಿಂದ ಎಂಜಿನ್ನಿಗೆ ನೀರು ಕುಡಿಸಿ, ಚಾವಿ ತಿರುಗಿಸಿದ. ಎರಡು ಸಲ ಗೊಣಗಿ ಮೂರನೆಯ ಸಲಕ್ಕೆ ಎದ್ದುಕೂತಿತು. ಬಾಗಿಲಲ್ಲಿ ನಿಂತಿದ್ದ ಆಕೆ ಆ ಸದ್ದು ಕೇಳಿ ಮನೆಯೊಳಗೆ ಹೋಗಿಬಿಟ್ಟರು. ಎಣ್ಣೆ ತೆಗೆದು ನೋಡಿದೆವು. ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ಎಂಜಿನ್ ಎಲ್ಲೋ ಬಿರಿದು ನೀರು ಸೇರಿದೆ ಎಂದು ಲೆಕ್ಕ. ಹಾಗೇನೂ ಇರಲಿಲ್ಲ. ಎಂಟೂ ಸಿಲಿಂಡರುಗಳ ಒತ್ತಡ ಅಳೆದರೆ ಹೆಚ್ಚುಕಡಿಮೆ ಒಂದೇ ಅಂಕಿ. ಪ್ರೊಪೆಲ್ಲರಿನ ಅಂಚು ನೆಟ್ಟಗಿತ್ತು, ಟ್ರೇಲರಿನ ಟೈರುಗಳು ಮಾತ್ರ ಬಿರುಕುಬಿಟ್ಟಿದ್ದವು. ಕೇಳಿದ್ದ ಬೆಲೆ ಒಂಬತ್ತೂವರೆ ಸಾವಿರ ಡಾಲರ್. ಮನಸ್ಸಿನಲ್ಲೇ ನಾನು ಆಗಲೇ ದೋಣಿಯನ್ನು ಮನೆಗೆ ತಂದುಬಿಟ್ಟಿದ್ದೆ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಿದ್ದ ನನ್ನ ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ಹುಡುಗನಾಗಿದ್ದಾಗ ನೋಡಿದ್ದೇನೆ. ಬಾಯಿ ಬಿಡಿಸಿ ಹಲ್ಲು ನೋಡುವುದು, ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದೆಯೋ ಎಂದು ಎಣಿಸುವುದು, ಮೈಮೇಲಿನ ಸುಳಿ ಹುಡುಕುವುದು, ಹತ್ತು ಹೆಜ್ಜೆ ನಡೆಸಿ ಗೊರಸು ಊರುವುದನ್ನು ಗಮನಿಸುವುದು. ಇಷ್ಟೆಲ್ಲ ಆಗುವಾಗ ಎತ್ತಿನ ಯಜಮಾನ ಪಕ್ಕದಲ್ಲೇ ನಿಂತು ನಗುತ್ತಿದ್ದ. ಅವನೂ ನೋಡಿಯೇ ಕೊಂಡವನು, ನಾಳೆ ಇನ್ನೊಬ್ಬರ ಎತ್ತಿನ ಬಾಯಿ ಬಿಡಿಸುವವನು. ಅಲ್ಲಿ ಅನುಮಾನ ಅವಮಾನವಲ್ಲ, ಇಬ್ಬರಿಗೂ ಗೊತ್ತಿದ್ದ ಆಟ. ಆ ಕೊಟ್ಟಿಗೆಯಲ್ಲಿ ನನಗಾದ ಮುಜುಗರ ಬೇರೆ ಥರದ್ದು. ಆಕೆಗೆ ಆಟವೇ ಗೊತ್ತಿರಲಿಲ್ಲ. ನಾವು ಸತ್ತವರೊಬ್ಬರ ಪೆಟ್ಟಿಗೆಯೊಳಗೆ ಟಾರ್ಚ್ ಬಿಟ್ಟು ಹುಡುಕುತ್ತಿದ್ದೆವು.

ಗೆಳೆಯ ಕೊನೆಗೆ ಮರದ ಸುತ್ತಿಗೆ ತೆಗೆದ. ಎಂಜಿನ್ ಪೆಟ್ಟಿಗೆಯ ಮುಂದಿನಿಂದ ತೊಲೆಯುದ್ದಕ್ಕೂ ಗೇಣಿಗೊಂದು ಪೆಟ್ಟು. ಮಡಕೆ ಕೊಳ್ಳುವಾಗ ಬಾರಿಸಿ ನೋಡಿದವರಿಗೆ ಇದರ ವಿದ್ಯೆ ಹೇಳಬೇಕಾಗಿಲ್ಲ. ಟಕ್, ಟಕ್, ಟಕ್ ಎಂದು ಗಡುಸಾಗಿ ಬರುತ್ತಿದ್ದ ಸದ್ದು ಎಂಜಿನ್ನಿನ ಬಲಗಡೆಗೆ ಬರುವಷ್ಟರಲ್ಲಿ ದಬ್ ಎಂದಿತು. ಇನ್ನೊಂದು ಗೇಣು ಮುಂದೆ, ಮತ್ತೂ ದಬ್. ಅಲ್ಲೇ ಪಕ್ಕದ ಒಂದು ಸಣ್ಣ ಸ್ಕ್ರೂ ಬಿಚ್ಚಿದಾಗ ಕಂದು ಬಣ್ಣದ ನೀರು ಒಂದೆಳೆ ಜಿನುಗಿತು. ಒಂದೂವರೆ ವರ್ಷ ಸೂರಿನಡಿ ಒಣಗಿದ್ದ ದೋಣಿ.

ಆಮೇಲೆ ಎಂಜಿನ್ನನ್ನು ತೊಲೆಗೆ ಹಿಡಿದಿಟ್ಟಿದ್ದ ಬೋಲ್ಟುಗಳತ್ತ ಟಾರ್ಚ್ ಹಿಡಿದ. ಎಡಗಡೆಯವು ಮೂವತ್ತು ವರ್ಷದ ಮಂಕು ಹಿಡಿದಿದ್ದವು. ಬಲಗಡೆಯ ಎರಡು ಮಾತ್ರ ಬೇರೆ: ಹೊಳೆಯುವ, ಹೆಚ್ಚು ದಪ್ಪನೆಯ, ಹೊಸ ಬೋಲ್ಟುಗಳು. ಬುಡದಲ್ಲಿ ಹಳದಿಗಟ್ಟಿದ ಅಂಟಿನ ಉಂಗುರ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಒಂದು ಬಿಗಿಯಾಗದೆ ಸುಮ್ಮನೆ ಸುತ್ತಿತು. ಅಂಟು ಹಿಡಿದಿದ್ದದ್ದು ಮರವನ್ನಲ್ಲ, ಮರದ ಹೊಟ್ಟನ್ನು.

“ಯಾರಿಗೋ ಗೊತ್ತಿತ್ತು” ಎಂದ ಗೆಳೆಯ, ಮೆಲ್ಲಗೆ. ಯಾರಿಗೆ ಎಂದು ನಾನು ಕೇಳಲಿಲ್ಲ. ಮೂವತ್ತು ವರ್ಷ ಆ ದೋಣಿಗೆ ಒಬ್ಬರೇ ಯಜಮಾನರು.

ಇದರಿಂದ ದೋಣಿ ಮುಳುಗಿ ಜನ ಸಾಯುತ್ತಾರೆ ಎಂಬಂಥ ಅಪಾಯವೇನೂ ಇಲ್ಲ, ಅದನ್ನು ಹೇಳಿಬಿಡುತ್ತೇನೆ. ಎಂಜಿನ್ನಿಗೂ ಪ್ರೊಪೆಲ್ಲರಿನ ಕಂಬಿಗೂ ಇರಬೇಕಾದ ಹೊಂದಿಕೆಯನ್ನು ಅಂಗುಲದ ಸಾವಿರದಲ್ಲಿ ಮೂರು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ, ಅಂದರೆ ಒಂದು ಕಾಗದದ ದಪ್ಪ. ಎಂಜಿನ್ ಅಲುಗಾಡತೊಡಗಿದರೆ ಅದು ಕೆಡುತ್ತದೆ, ನಡುಕ ಹೆಚ್ಚುತ್ತದೆ, ಒಂದರ ಹಿಂದೆ ಒಂದು ಭಾಗ ಸವೆಯುತ್ತದೆ. ರಿಪೇರಿಗೆ ಎಂಜಿನ್ ಎತ್ತಿ, ನೆಲ ಕೊಯ್ದು, ತೊಲೆಗಳನ್ನೇ ಹೊಸದಾಗಿ ಕಟ್ಟಬೇಕು. ಅದರ ಕೂಲಿ ದೋಣಿಯ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಪಣದಲ್ಲಿದ್ದದ್ದು ಪ್ರಾಣವಲ್ಲ, ಯಾರದೋ ಕೆಲವು ವರ್ಷದ ಉಳಿತಾಯ.

ಆ ‘ಯಾರೋ’ ಯಾರೆಂಬುದೂ ನಮಗೆ ಗೊತ್ತಿತ್ತು. ಶನಿವಾರ ಒಂದು ಚಿಕ್ಕ ವಯಸ್ಸಿನ ಜೋಡಿ ನೋಡಲು ಬರುತ್ತಿದೆ, ಫೋನಿನಲ್ಲಿ ಸೀಟಿನ ಬಣ್ಣ ಮಾತ್ರ ಕೇಳಿದರು ಎಂದು ಆಕೆಯೇ ಕಾಫಿ ಕೊಡುವಾಗ ಹೇಳಿದ್ದರು.

ನಾವು ಕೈ ಒರೆಸಿಕೊಂಡು, “ಯೋಚಿಸಿ ಹೇಳ್ತೀವಿ” ಎಂದೆವು. ಎಲ್ಲ ಭಾಷೆಗಳಲ್ಲೂ ಇರುವ ಮಾತು, ಎಲ್ಲ ಭಾಷೆಗಳಲ್ಲೂ ಅದರರ್ಥ ಬೇಡ ಎಂದೇ. ಆಕೆ, “ಎಲ್ಲ ಚೆನ್ನಾಗಿದೆ ತಾನೆ?” ಎಂದು ಕೇಳಿದರು. “ಎಂಜಿನ್ ತುಂಬ ಚೆನ್ನಾಗಿದೆ” ಎಂದೆ ನಾನು. ಅದು ನಿಜ.

ವಾಪಸು ಬರುವಾಗ ಮೊದಲ ಅರ್ಧ ಗಂಟೆ ಗೆಳೆಯ ಲೆಕ್ಕ ಹಾಕಿದ. ತೊಲೆಯ ವಿಷಯ ಎತ್ತಿ ಬೆಲೆಯನ್ನು ಮೂರು ಸಾವಿರಕ್ಕೆ ಇಳಿಸಬಹುದು, ರಿಪೇರಿ ತಾನೇ ಮಾಡಿಕೊಡುತ್ತಾನೆ, ಎರಡು ತಿಂಗಳ ಕೆಲಸ. ಆಕೆಗೆ ಹೇಳುವಾಗ ಸ್ವಲ್ಪ ಜಾಸ್ತಿಯೇ ಹೇಳಬೇಕು. ಕೇಳಿದರೆ ತಪ್ಪೇನೂ ಕಾಣದು, ಎಲ್ಲರೂ ಮಾಡುವುದೇ. ಆದರೆ ನಿಜವನ್ನು ಹೇಳುವುದು ಬೆಲೆ ಇಳಿಸುವುದಕ್ಕೆ ಮಾತ್ರ ಎಂದಾದರೆ, ಇಳಿಸುವಷ್ಟನ್ನು ಮಾತ್ರ ಹೇಳುತ್ತೇವೆ, ಬೇಕಿದ್ದರೆ ಇಲ್ಲದ್ದನ್ನೂ ಸೇರಿಸುತ್ತೇವೆ. ಬೇಡ ಎಂದೆ. ಹೇಳಿಬಿಟ್ಟು ಸುಮ್ಮನಾಗೋಣ ಎಂದೆ.

ಗೆಳೆಯನಿಗೆ ಅದು ಇನ್ನೂ ಕೆಟ್ಟದಾಗಿ ಕಂಡಿತು. ಅವನ ವಾದವನ್ನು ಇಷ್ಟು ದಿನವಾದರೂ ಪೂರ್ತಿಯಾಗಿ ತಳ್ಳಿಹಾಕಲು ನನಗೆ ಆಗಿಲ್ಲ. “ಈಗ ಅವಳು ಪ್ರಾಮಾಣಿಕಳು. ಗೊತ್ತಿಲ್ಲ ಅನ್ನುತ್ತಾಳೆ, ನಿಜವಾಗಿಯೂ ಗೊತ್ತಿಲ್ಲ. ನೀನು ಹೇಳಿದ ಕ್ಷಣ ಅವಳಿಗೆ ಎರಡೇ ದಾರಿ ಉಳಿಯುತ್ತದೆ. ಒಂದೋ ಆರು ಸಾವಿರ ಕಳೆದುಕೊಳ್ಳಬೇಕು, ಇಲ್ಲಾ ಶನಿವಾರ ಬರುವವರಿಗೆ ಸುಳ್ಳು ಹೇಳಬೇಕು. ನೀನು ದೋಣಿ ಕೊಳ್ಳುವುದಿಲ್ಲ, ನಿನಗೇನೂ ನಷ್ಟವಿಲ್ಲ. ನಿನ್ನ ತಲೆಭಾರ ಇಳಿಸಿಕೊಳ್ಳೋದಕ್ಕೆ ಅವಳ ತಲೆ ಬೇಕಾ?” ಜಾಹೀರಾತಿನಲ್ಲಿ ಬರೆದೇ ಇದೆಯಲ್ಲ, ಆ್ಯಸ್ ಈಸ್ ಅಂತ. ಇದ್ದದ್ದು ಇದ್ದ ಹಾಗೆ. ಅಂಗಡಿಯವನು ಮಾರುವಾಗ ಕಾನೂನು ಒಂದಿಷ್ಟು ಭರವಸೆಯನ್ನು ತಾನಾಗಿ ಸೇರಿಸುತ್ತದೆ. ಮನೆಯವರು ಮನೆಯ ವಸ್ತು ಮಾರುವಾಗ ಅದೂ ಇಲ್ಲ. ನೋಡಿ ಕೊಳ್ಳುವುದು ಕೊಳ್ಳುವವನ ಕೆಲಸ.

‘ಇದ್ದದ್ದು ಇದ್ದ ಹಾಗೆ’ ಎನ್ನುವ ಮಾತು ನಮ್ಮಲ್ಲೂ ಇದೆ. ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂದು ಅದರ ಮುಂದಿನ ಭಾಗ. ಅಮೆರಿಕನ್ನರ ಮಾತು ಹೇಳುವ ಹೊಣೆಯನ್ನು ತಪ್ಪಿಸಿಕೊಳ್ಳುತ್ತದೆ, ನಮ್ಮ ಮಾತು ಹೇಳಿದವನ ಪಾಡು ಏನೆಂದು ಎಚ್ಚರಿಸುತ್ತದೆ. ಇಂಥ ಅಡ್ಡಮಾತು ಇನ್ನೊಂದಿದೆ. ಇಲ್ಲಿ ಮೋಸದ ಕಾರಿಗೆ ‘ಲೆಮನ್’ ಎನ್ನುತ್ತಾರೆ. ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂಬ ಸ್ಥಿತಿ ಇಡೀ ಮಾರುಕಟ್ಟೆಯನ್ನೇ ಹೇಗೆ ಹಾಳುಮಾಡುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಲೇಖನದ ಹೆಸರಿನಲ್ಲೇ ಲೆಮನ್ ಇದೆ. 2001ರಲ್ಲಿ ಅವರು ನೊಬೆಲ್ ಹಂಚಿಕೊಂಡದ್ದು ಈ ಬಗೆಯ ಕೆಲಸಕ್ಕೇ. ನಾವಾದರೋ ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣಿಟ್ಟು ಹರಿಸಿ ನೆಮ್ಮದಿಯಿಂದ ಮನೆಗೆ ಹೋಗುವವರು. ಆದರೆ ಅಕರ್ಲಾಫರ ಲೆಕ್ಕದಲ್ಲಿ ಮಾರುವವರಿಗೆ ಗೊತ್ತಿರುತ್ತದೆ. ನನ್ನ ಭಾನುವಾರ ತಲೆಕೆಳಗಾಗಿತ್ತು. ಮಾರುವವರಿಗೆ ಗೊತ್ತಿಲ್ಲ, ಕೊಳ್ಳದೆ ಹೋದವನಿಗೆ ಗೊತ್ತು.

ಆ ರಾತ್ರಿ ಸಿಸೆರೊ ತೆಗೆದು ಓದಿದೆ. ಕ್ರಿ.ಪೂ. 44ರಲ್ಲಿ, ಅಥೆನ್ಸ್‌ನಲ್ಲಿ ಓದುತ್ತಿದ್ದ ಮಗನಿಗೆಂದು ಬರೆದ ಕರ್ತವ್ಯಗಳ ಕುರಿತ ಪುಸ್ತಕದ ಮೂರನೆಯ ಭಾಗದಲ್ಲಿ ಒಂದು ಮನೆ ಮಾರಾಟ ಬರುತ್ತದೆ. ಒಳ್ಳೆಯವನೊಬ್ಬ ಮನೆ ಮಾರುತ್ತಿದ್ದಾನೆ. ಕೋಣೆಗಳಲ್ಲೆಲ್ಲ ಹಾವು ಕಾಣಿಸಿಕೊಳ್ಳುತ್ತವೆ. ಮನೆಗೆ ಹಾಕಿದ ಮರ ಕೆಟ್ಟದ್ದು, ಬೀಳುವಂತಿದೆ. ಇದು ಯಜಮಾನನ ಹೊರತು ಯಾರಿಗೂ ಗೊತ್ತಿಲ್ಲ. ಹೇಳದೆ ಮಾರಬಹುದೇ? ಡಯೊಜಿನಿಸ್ ಎಂಬ ಸ್ಟೋಯಿಕ್ ತತ್ತ್ವಜ್ಞಾನಿ ಮಾರಬಹುದು ಎನ್ನುತ್ತಾನೆ. ಕೊಳ್ಳು ಎಂದು ಅವನೇನು ಕತ್ತು ಹಿಡಿದನೇ? ಹಾಳು ಮನೆ ಮಾರಾಟಕ್ಕಿದೆ ಎಂದು ಯಾರಾದರೂ ಡಂಗುರ ಹೊಡೆಸುತ್ತಾರೆಯೇ? ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದು ತಪ್ಪಾದರೆ, ಗೊತ್ತಿದ್ದೂ ಹಳ್ಳಕ್ಕೆ ಬೀಳಗೊಡುವುದು ಅದಕ್ಕಿಂತ ದೊಡ್ಡ ತಪ್ಪು ಎಂಬುದು ಅವನ ಪಕ್ಷ. ಸಿಸೆರೊ ಶಿಷ್ಯನ ಕಡೆಗೆ ನಿಲ್ಲುತ್ತಾನೆ. ಸುಮ್ಮನಿರುವುದೆಲ್ಲ ಮರೆಮಾಚುವುದಲ್ಲ, ಆದರೆ ತಿಳಿಯಬೇಕಾದವರಿಗೆ ತಿಳಿಯದಿರಲಿ ಎಂದು ನಿನ್ನ ಲಾಭಕ್ಕಾಗಿ ಬಯಸಿದರೆ ಅದು ಮರೆಮಾಚುವುದೇ ಎಂದು ಗೆರೆ ಎಳೆಯುತ್ತಾನೆ.

ಗೆರೆ ಚೆನ್ನಾಗಿದೆ. ಆದರೆ ನನ್ನ ಮೌನದಿಂದ ನನಗೇನೂ ಲಾಭವಿರಲಿಲ್ಲ. ಸಿಸೆರೊನ ಗೆರೆಯ ಪ್ರಕಾರ ನಾನು ಮಲಗಿ ನಿದ್ದೆ ಮಾಡಬಹುದಿತ್ತು.

ನಿದ್ದೆ ಕೆಡಿಸಿದ್ದು ಇನ್ನೊಂದು ಹಡಗು. ಡಬ್ಲ್ಯು. ಕೆ. ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಬರೆದ ಪ್ರಬಂಧ ಒಬ್ಬ ಹಡಗಿನ ಮಾಲೀಕನ ಕಥೆಯಿಂದ ಶುರುವಾಗುತ್ತದೆ. ಹಡಗು ಹಳೆಯದು, ಮೊದಲಿನಿಂದಲೂ ಅಷ್ಟು ಚೆನ್ನಾಗಿ ಕಟ್ಟಿದ್ದಲ್ಲ, ಎಷ್ಟೋ ಸಲ ರಿಪೇರಿಯಾದದ್ದು. ವಲಸೆ ಹೊರಟ ಸಂಸಾರಗಳನ್ನು ಹತ್ತಿಸಿಕೊಳ್ಳುವ ಮೊದಲು ಮಾಲೀಕನಿಗೆ ಅನುಮಾನ ಬರುತ್ತದೆ, ಬಿಚ್ಚಿ ನೋಡಿಸಬೇಕೇನೋ ಅನಿಸುತ್ತದೆ. ಆದರೆ ಇಷ್ಟು ಬಿರುಗಾಳಿ ದಾಟಿದ ಹಡಗು ಇದನ್ನೂ ದಾಟುತ್ತದೆ, ದೇವರು ಕೈಬಿಡುವುದಿಲ್ಲ ಎಂದು ಮನಸ್ಸನ್ನು ಒಪ್ಪಿಸಿ, ನಿಜವಾಗಿಯೂ ನಂಬಿ, ಕೈಬೀಸಿ ಕಳಿಸುತ್ತಾನೆ. ಹಡಗು ನಡುನೀರಿನಲ್ಲಿ ಮುಳುಗುತ್ತದೆ, ಅವನು ವಿಮೆಯ ಹಣ ತೆಗೆದುಕೊಳ್ಳುತ್ತಾನೆ. ಅವನ ನಂಬಿಕೆ ಪ್ರಾಮಾಣಿಕವೇ ಇರಬಹುದು, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಮುಳುಗದೆ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ ಎಂದೂ ಸೇರಿಸುತ್ತಾನೆ. ಇದನ್ನು ಬರೆಯುವ ಕೆಲವು ವರ್ಷ ಮೊದಲು, ಸೂರ್ಯಗ್ರಹಣ ನೋಡಲು ಹೊರಟಿದ್ದಾಗ ಅವನಿದ್ದ ಹಡಗೇ ಸಿಸಿಲಿಯ ಕರಾವಳಿಯಲ್ಲಿ ಒಡೆದಿತ್ತು. ಅವನು ಬದುಕಿ ಉಳಿದ.

ಗೆಳೆಯ ಕಾಪಾಡಬೇಕೆಂದದ್ದು ಆಕೆಯ ಅಜ್ಞಾನವನ್ನು. ಭಾನುವಾರ ಬೆಳಿಗ್ಗೆಯವರೆಗೆ ಆ ಅಜ್ಞಾನ ಆಕೆಯದೇ, ನಿಷ್ಕಳಂಕವಾದದ್ದು. ಕ್ಲಿಫರ್ಡನ ಮಾಲೀಕನಂತೆ ಅನುಮಾನವನ್ನು ಅದುಮಿಟ್ಟು ಗಳಿಸಿದ್ದಲ್ಲ. ಮಧ್ಯಾಹ್ನದಿಂದಾಚೆಗೆ ಹಾಗಲ್ಲ. ಆಗ ಆಕೆಗೆ ಗೊತ್ತಿಲ್ಲದಿರುವುದಕ್ಕೆ ಕಾರಣ ನಾನು. ಆಕೆಯ ಪರವಾಗಿ ಕಣ್ಣು ಮುಚ್ಚಿಕೊಂಡವನು ನಾನು. ಆಕೆ ಶನಿವಾರ “ನನಗೇನೂ ಗೊತ್ತಿಲ್ಲ” ಎಂದು ಹೇಳುವಾಗ ಆ ಮಾತಿನ ಅರ್ಧ ನನ್ನದು.

ಇನ್ನೊಂದು ವಿಚಾರವೂ ಇತ್ತು. ಆ ತಿಳಿವಳಿಕೆ ನನ್ನದಾದದ್ದು ಹೇಗೆ? ಆಕೆಯ ಕೊಟ್ಟಿಗೆಯಲ್ಲಿ, ಆಕೆಯ ನೀರು ಬಳಸಿ, ಆಕೆಯ ಅನುಮತಿಯಿಂದ ಬಿಚ್ಚಿ ನೋಡಿದ್ದರಿಂದ. ಬೇರೆಯವರ ಪೆಟ್ಟಿಗೆಯಲ್ಲಿ ಅವರಿಗೇ ಗೊತ್ತಿಲ್ಲದ ಒಂದು ಪತ್ರ ಸಿಕ್ಕಿತು ಅನ್ನಿ. ಕೆಟ್ಟ ಸುದ್ದಿಯ ಪತ್ರವೇ ಇರಲಿ. ಅದನ್ನು ಕಿಸೆಯಲ್ಲಿ ಹಾಕಿಕೊಂಡು, ಅವರಿಗೆ ನೋವಾಗದಿರಲಿ ಎಂದು ಮನೆಗೆ ತಂದರೆ ಅದಕ್ಕೆ ಏನೆನ್ನುತ್ತಾರೆ? ನೋಡುವವನು ತನಗಾಗಿ ಮಾತ್ರ ನೋಡುತ್ತಾನೆ ಎಂದುಕೊಂಡೇ ನಾವು ಹೋಗಿದ್ದು. ಆದರೆ ಕಂಡದ್ದು ನೋಡಿದವನ ಸೊತ್ತಾಗುವುದಿಲ್ಲ.

ಹೀಗೆಲ್ಲ ಯೋಚಿಸಿದೆ ಎಂದರೆ ಧೈರ್ಯ ಬಂತು ಎಂದಲ್ಲ. ಸೋಮವಾರ ಫೋನ್ ಮಾಡಲಿಲ್ಲ, ಮಂಗಳವಾರವೂ ಇಲ್ಲ. ಗೆಳೆಯ ಹೇಳಿದ್ದ ತಲೆಭಾರದ ಮಾತು ಕುಟುಕುತ್ತಿತ್ತು. ಕೈ ತೊಳೆದುಕೊಳ್ಳುವ ಆಸೆ ಎಷ್ಟು, ಆ ಜೋಡಿಯ ಕಾಳಜಿ ಎಷ್ಟು ಎಂದು ತೂಗಿ ನೋಡಿದರೆ ತಕ್ಕಡಿ ನನಗೆ ಹಿಡಿಸುವ ಕಡೆಗೆ ವಾಲುತ್ತಿರಲಿಲ್ಲ. ಬುಧವಾರ ಸಂಜೆ ಮಾಡಿದೆ. ಶನಿವಾರಕ್ಕೆ ಇನ್ನು ಎರಡು ದಿನವೇ ಇದ್ದದ್ದರಿಂದ ಮಾಡಿದೆ, ಬೇರೆ ಯಾವ ಮಹಾ ಕಾರಣಕ್ಕೂ ಅಲ್ಲ.

ಬಲಗಡೆಯ ತೊಲೆ ಎಂಜಿನ್ನಿನಡಿ ಕೊಳೆತಿದೆ ಎಂದೆ. ಸುತ್ತಿಗೆಯ ಸದ್ದು, ಸ್ಕ್ರೂ ಬಿಚ್ಚಿದಾಗ ಬಂದ ನೀರು, ರಿಪೇರಿಗೆ ಆಗಬಹುದಾದ ಖರ್ಚು, ಎಲ್ಲ ಹೇಳಿದೆ. ಭಾನುವಾರವೇ ಹೇಳಬೇಕಿತ್ತು, ತಪ್ಪಾಯಿತು ಎಂದೂ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ನಾನು ಎದೆಗೆ ಒದೆ ಬೀಳುವುದನ್ನು ಕಾಯುತ್ತಿದ್ದೆ. ಹಣದ ಬಗ್ಗೆ ಆಕೆ ಏನೂ ಕೇಳಲಿಲ್ಲ.

“ಅವರಿಗೆ ಆ ದೋಣಿಯ ಒಂದೊಂದು ಮೊಳೆಯೂ ಗೊತ್ತಿತ್ತು. ಇದು ಗೊತ್ತಿರಲಿಲ್ಲವಾ?” ಎಂದರು.

ಇದಕ್ಕೆ ನಾನು ಸಿದ್ಧನಾಗಿರಲಿಲ್ಲ. ಹೊಳೆಯುವ ಎರಡು ಬೋಲ್ಟುಗಳು ಕಣ್ಣಮುಂದೆ ಬಂದವು. ಮೊಮ್ಮಕ್ಕಳು ಸ್ಕೀ ಮಾಡಿದ್ದು ಅದರ ಹಿಂದೆಯೇ ಎಂದು ಆಕೆ ಹೇಳಿದ್ದು ನೆನಪಾಯಿತು. ಆ ಬೋಲ್ಟುಗಳಲ್ಲಿ ಮೋಸವೇನೂ ಇರಲಿಲ್ಲ ಎಂದೇ ನನ್ನ ನಂಬಿಕೆ. ತನ್ನ ದೋಣಿಯ ಮಿತಿ ಗೊತ್ತಿದ್ದ ಮನುಷ್ಯ, ಕೈಲಾದಷ್ಟು ಬಿಗಿ ಮಾಡಿ, ಇನ್ನೆರಡು ಬೇಸಿಗೆ ಸಾಕು ಎಂದು ಮೆಲ್ಲಗೆ ಓಡಿಸಿರಬಹುದು. ಮನೆಯಲ್ಲಿ ಯಾಕೆ ಹೇಳಬೇಕು ಎಂದುಕೊಂಡಿರಬಹುದು. ಆದರೆ ನನಗೆ ಇದೊಂದೂ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಬೋಲ್ಟು ಮಾತ್ರ.

“ಒಳಗಿನ ಕೊಳೆ ಹೊರಗೆ ಕಾಣುವುದಿಲ್ಲ” ಎಂದೆ.

ಅದೂ ನಿಜವೇ. ಎಂಜಿನ್ ತುಂಬ ಚೆನ್ನಾಗಿದೆ ಎಂದದ್ದು ನಿಜವಾದಷ್ಟೇ ನಿಜ. ಆಕೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಕೊಳ್ಳುವವರಿಗೆ ತಿಳಿಯಬೇಕಾದದ್ದೆಲ್ಲ ತಿಳಿಯುವಂತೆ ಮಾಡಿದ್ದೆ. ಆಕೆಗೆ ಮಾತ್ರ ಸಂಬಂಧಿಸಿದ್ದನ್ನು, ಆಕೆ ಬಾಯಿಬಿಟ್ಟು ಕೇಳಿದ ಮೇಲೂ, ಇಟ್ಟುಕೊಂಡಿದ್ದೆ. ಸಿಸೆರೊನ ಗೆರೆ ದಾಟಿಲ್ಲ, ಲಾಭ ಯಾವುದೂ ಇಲ್ಲ ಎಂದು ಆ ರಾತ್ರಿ ಮತ್ತೆ ಹೇಳಿಕೊಂಡೆ. ಗೆಳೆಯನಿಗೆ ಹೇಳಿದಾಗ ಅವನು ನಕ್ಕ. “ಕೊನೆಗೆ ನೀನೂ ಅವಳ ಅಜ್ಞಾನ ಕಾಪಾಡಿದೆ” ಎಂದ.

ಹತ್ತು ದಿನದ ಮೇಲೆ ಮಗಳಿಗೆ ಬೇರೆ ದೋಣಿ ಹುಡುಕುತ್ತಿದ್ದಾಗ ಆಕೆಯ ಜಾಹೀರಾತು ಮತ್ತೆ ಕಂಡಿತು. ಬೆಲೆ ಮೂರೂವರೆ ಸಾವಿರಕ್ಕೆ ಇಳಿದಿತ್ತು. ಆ್ಯಸ್ ಈಸ್ ಎಂಬ ಮಾತು ತೆಗೆದಿದ್ದರು. ಆ ಜಾಗದಲ್ಲಿ, ಎಂಜಿನ್ನಿನ ಬಲಗಡೆಯ ತೊಲೆ ಕೊಳೆತಿದೆ, ನನ್ನ ಗಂಡ ಉದ್ದನೆಯ ಬೋಲ್ಟು ಹಾಕಿ ಅಂಟಿನಿಂದ ಸರಿಮಾಡಿದ್ದರು, ಅದು ಹಿಡಿದಿಲ್ಲ ಎಂದು ಮೂರು ಸಾಲು. ಹಳೆಯ ಫೋಟೋಗಳ ಜೊತೆಗೆ ಹೊಸದೊಂದು ಇತ್ತು. ಎಂಜಿನ್ ಪೆಟ್ಟಿಗೆಯ ಮುಚ್ಚಳ ತೆಗೆದಿದೆ. ಒಳಗೆ ಟಾರ್ಚಿನ ಬೆಳಕು ಬಿದ್ದು ಎರಡು ಬೋಲ್ಟುಗಳು ಹೊಳೆಯುತ್ತಿವೆ. ಟಾರ್ಚ್ ಹಿಡಿದ ಕೈ ಫೋಟೋದ ಅಂಚಿನಲ್ಲಿ ಕಾಣುತ್ತದೆ, ವಯಸ್ಸಾದ ಹೆಂಗಸಿನ ಕೈ. ಹಿನ್ನೆಲೆಯಲ್ಲಿ ಸ್ಟೀರಿಂಗಿಗೆ ಆ ಪ್ಲಾಸ್ಟಿಕ್ ಚೀಲ ಮತ್ತೆ ಕಟ್ಟಿತ್ತು. ಬಿರಡೆಗಳನ್ನು ನಾವು ಎಂಜಿನ್ನಿಗೆ ಹಾಕಿ ಬಂದಿದ್ದೆವಲ್ಲ, ಒಳಗೆ ಚೀಟಿಯೊಂದೇ ಇದ್ದಿರಬೇಕು.